ಯಂತ್ರದಾನವೂ ಮೂಲಪಾಠವೂ

ಪುತ್ತೂರು, ಸುಳ್ಯ, ಕಡಬಗಳಂತಹ ಮಲೆಸೀಮೆಯ ಶಾಲೆಗಳಿಗೆ ದಾನವಾಗಿ ಬರುವ ಗಣಕಯಂತ್ರವು ಬಹುಮಟ್ಟಿಗೆ ಎಲ್ಲಿಯೋ ಕೆಲವು ವರ್ಷ ದುಡಿದು ಬಂದದ್ದೇ ಆಗಿರುತ್ತದೆ. ದಾನವು ಸ್ತುತ್ಯವೇ ಸರಿ. ಆದರೆ ತೆರೆಯ ಮೇಲೆ ಚಿತ್ರವನ್ನು ಮೂಡಿಸುವ ಅಂಗಕ್ಕೆ ಆಜ್ಞೆ ಕೊಡುವ ತಂತ್ರಾಂಶವು, ಅರ್ಥಾತ್ ಗ್ರಾಫಿಕ್ಸ್ ಡ್ರೈವರ್, ಮುಚ್ಚಿದ ಪೆಟ್ಟಿಗೆಯಾಗಿದ್ದಲ್ಲಿ, ತಯಾರಕರು ಅದನ್ನು ಕೈಬಿಟ್ಟಂದೇ ಯಂತ್ರಕ್ಕೆ ಮುಪ್ಪು ಬಂದಂತೆ. ಮೂಲಪಾಠವು ಬಯಲಿನಲ್ಲಿದ್ದರೆ ಸಂಗತಿ ಬೇರೆ.

1993ರಲ್ಲಿ ಬ್ರಯಾನ್ ಪಾಲ್ ಆರಂಭಿಸಿದ 'ಮೇಸಾ' ಎಂಬ ಮುಕ್ತ ತಂತ್ರಾಂಶವೇ ಇದಕ್ಕೆ ನಿದರ್ಶನ. 2021ರಲ್ಲಿ ಅದರ ಮುಖ್ಯ ಪಾಠದಿಂದ ಕೆಲವು ಹಳೆಯ ಡ್ರೈವರುಗಳನ್ನು ತೆಗೆದಾಗಲೂ ಅವನ್ನು ಅಳಿಸಲಿಲ್ಲ. 'ಆಂಬರ್' ಎಂಬ ಪ್ರತ್ಯೇಕ ಶಾಖೆಯಲ್ಲಿ ಕಾಪಿಟ್ಟರು. ಅದಕ್ಕೆ ಮುನ್ನ ಅದೇ ವರ್ಷ ಇಂಟೆಲ್ ಸಂಸ್ಥೆಯ ಹಳೆಯ ತಲೆಮಾರಿನ ಚಿತ್ರಾಂಗಗಳಿಗಾಗಿ 'ಕ್ರೋಕಸ್' ಎಂಬ ಹೊಸ ಡ್ರೈವರು ಸೇರಿತ್ತು. ಓಲೆಗರಿಗಳನ್ನು ಜತನಗೈದ ನಾಡಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಪಾಠ ದೊರೆತ ಮಾತ್ರಕ್ಕೆ ಯಂತ್ರ ನಡೆಯದು. ಅದನ್ನು ಯಂತ್ರವು ಅರಿಯುವ ರೂಪಕ್ಕೆ ತರಬೇಕು. ಅದಕ್ಕೆ ಸಿ ಭಾಷೆಯ ಕಂಪೈಲರ್, ಪೈಥಾನ್, ಕೆಲಸದ ಕ್ರಮವನ್ನು ಗೊತ್ತುಪಡಿಸುವ ಮೆಸಾನ್, ಆ ಕ್ರಮದಂತೆ ಕೆಲಸ ಸಾಗಿಸುವ ನಿಂಜಾ, ಲಿನಕ್ಸ್ ಕರ್ನಲಿನೊಡನೆ ವ್ಯವಹರಿಸುವ ಲಿಬ್‌ಡಿಆರ್‌ಎಂ ಮೊದಲಾದ ಸಲಕರಣೆಗಳು ಬೇಕು. ಇವುಗಳಲ್ಲಿ ಒಂದು ಕೊರತೆಯಾದರೂ ಕಾರ್ಯ ನಿಲ್ಲುತ್ತದೆ. ಅಡಕೆತೋಟಕ್ಕೆ ಬೋರ್ಡೋ ದ್ರಾವಣ ಕಲಸುವವರ ಮಕ್ಕಳಿಗೆ ಈ ಶಿಸ್ತು ಹೊಸದೇನೂ ಅಲ್ಲ. ಅಲ್ಲಿಯೂ ಮೈಲುತುತ್ತನ್ನು ಒಂದೆಡೆ, ಸುಣ್ಣವನ್ನು ಇನ್ನೊಂದೆಡೆ ಕರಗಿಸಿ, ಅಳತೆಗೆಡದಂತೆ ಕೂಡಿಸಬೇಕು; ಚೂರಿಯನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಇಲ್ಲಿ 'ಜಿಎಲ್ಎಕ್ಸ್ಇನ್‌ಫೋ' ಎಂಬ ಆಜ್ಞೆಯೇ ಚೂರಿ. ಅದು ಚಿತ್ರಾಂಗದ ಹೆಸರಿನ ಬದಲು 'ಎಲ್ಎಲ್‌ವಿಎಂಪೈಪ್' ಎಂಬ ಹೆಸರನ್ನು ತೋರಿದರೆ, ಚಿತ್ರಾಂಗವು ಸುಮ್ಮನೆ ಕುಳಿತು ಅದರ ಹೊರೆಯನ್ನು ಮುಖ್ಯ ಸಂಸ್ಕಾರಕವೇ ಹೊತ್ತಿದೆಯೆಂದು ಅರ್ಥ.

ಇನ್ನೊಂದು ಎಚ್ಚರವೂ ಅವಶ್ಯ. ಹೊಸದಾಗಿ ಸಿದ್ಧವಾದ ಡ್ರೈವರನ್ನು ಯಂತ್ರದಲ್ಲಿರುವ ಡ್ರೈವರಿನ ಮೇಲೆಯೇ ಹೇರದೆ, ಬೇರೊಂದು ಫೋಲ್ಡರಿನಲ್ಲಿರಿಸಿ, ಪರೀಕ್ಷೆಯ ಕಾಲಕ್ಕೆ ಮಾತ್ರ ಅದರ ದಾರಿಯನ್ನು ತೋರಿಸಬೇಕು. ಸಸಿಯನ್ನು ಮೊದಲು ಮಡಿಯಲ್ಲಿ ಬೆಳೆಸಿ ನೋಡುವಂತೆ ಇದು. ತಪ್ಪಿದರೆ ಫೋಲ್ಡರನ್ನು ಅಳಿಸಿದರಾಯಿತು, ಯಂತ್ರ ಕೆಡುವುದಿಲ್ಲ.

ಇವೆಲ್ಲ ಎಂಜಿನಿಯರರ ವಿದ್ಯೆ, ಶಾಲೆಗೇಕೆ ಎಂಬ ಆಕ್ಷೇಪವುಂಟು. ಮಾಲಿ ಎಂಬ ಚಿತ್ರಾಂಗಗಳಿಗೆ 'ಪ್ಯಾನ್‌ಫ್ರಾಸ್ಟ್' ಎಂಬ ಮುಕ್ತ ಡ್ರೈವರಿನ ಕೆಲಸವನ್ನು ಆರಂಭಿಸಿದಾಗ ಅಲಿಸಾ ರೋಸೆನ್‌ಜ್ವೈಗ್ ಇನ್ನೂ ಪ್ರೌಢಶಾಲೆಯ ವಿದ್ಯಾರ್ಥಿನಿ ಎಂಬುದನ್ನು ಆಕ್ಷೇಪಕರು ಗಮನಿಸಬೇಕು. ಸುಳ್ಯದಲ್ಲಿ 1986ರಿಂದಲೂ ಪುತ್ತೂರಿನಲ್ಲಿ 2001ರಿಂದಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕಲಿತವರು ಪದವಿಪತ್ರದೊಡನೆ ಬೆಂಗಳೂರಿನ ಬಸ್ಸು ಹತ್ತುವುದು ಸಹಜ. ಆದರೆ ರಜೆಗೆ ಬಂದಾಗ ಎರಡು ದಿನ ಊರಿನ ಶಾಲೆಯಲ್ಲಿ ಕುಳಿತರೆ ಈ ಕ್ರಮವನ್ನು ಮಕ್ಕಳಿಗೆ ಧಾರಾಳವಾಗಿ ತೋರಿಸಬಲ್ಲರು. ಮೇಸಾದ ಕೈಪಿಡಿ ಇಂಗ್ಲಿಷಿನಲ್ಲಿದೆ. ಅದರ ಕಟ್ಟುವ ಭಾಗವನ್ನಾದರೂ ಕನ್ನಡಕ್ಕೆ ತರುವ ಭಾರವನ್ನು ಭಾಷಾ ಅಧ್ಯಾಪಕರು ಹೊರಬಹುದು. ಹತ್ತು ಯಂತ್ರ ಕೊಡುವ ದಾನಿಗಳು ಅವುಗಳಲ್ಲಿ ಒಂದನ್ನು ಈ ಅಭ್ಯಾಸಕ್ಕೆಂದೇ ಮೀಸಲಿಡುವಂತೆ ಸೂಚಿಸಬಹುದು.