ಅಂಗಡಿ ಬೋರ್ಡಿನ ಬೋಲ್ಟನ್ನೂ ಒಮ್ಮೆ ನೋಡಿ

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಮಹಾನಗರಪಾಲಿಕೆಗಳ ಆಯುಕ್ತರಿಗೆ



ನಾಸಿಕ್‌ನ ಕಾಲೇಜ್ ರೋಡಿರಲಿ, ಸಂಭಾಜಿನಗರದ ಗುಲ್‌ಮಂಡಿಯಿರಲಿ, ತಲೆಯೆತ್ತಿದರೆ ಕಟ್ಟಡಕ್ಕಿಂತ ಮೊದಲು ಬೋರ್ಡು ಕಣ್ಣಿಗೆ ಬೀಳುತ್ತದೆ. ಗೋಡೆಗೆ ಹೊಡೆದ ಫ್ಲೆಕ್ಸ್, ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಶೀಟಿನ ಮೇಲೆ ಕೂರಿಸಿದ ಅಕ್ರಿಲಿಕ್ ಅಕ್ಷರ, ರಸ್ತೆಯತ್ತ ಚಾಚಿದ ಗ್ಲೋಸೈನ್ ಪೆಟ್ಟಿಗೆ, ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು.

ಬೋರ್ಡು ಮರಾಠಿಯಲ್ಲಿರಬೇಕೆಂಬ ನಿಯಮಕ್ಕೆ ನನ್ನ ಪೂರ್ಣ ಬೆಂಬಲವಿದೆ. ಕರ್ನಾಟಕದಲ್ಲೂ ನಾಮಫಲಕದ ಶೇ. 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಕಾನೂನಾಯಿತು; ಅದಕ್ಕಾಗಿ ಹೆಮ್ಮೆಪಟ್ಟವನು ನಾನು. ನನ್ನ ದೂರು ಬೇರೆ. ಬೋರ್ಡಿನ ಲಿಪಿಗೆ ಸಿಕ್ಕಷ್ಟು ಗಮನ ಅದನ್ನು ಹಿಡಿದಿರುವ ಬೋಲ್ಟಿಗೆ ಸಿಕ್ಕಿಲ್ಲ. ಹಳೆಯ ಚೌಕಟ್ಟಿನ ಮೇಲೆಯೇ ಹೊಸ ಬೋರ್ಡು ಏರುತ್ತದೆ. ಕಾಂಕ್ರೀಟ್ ತೊಲೆಗೆ ಹೋಗಬೇಕಾದ ಆಂಕರ್ ಸಡಿಲ ಇಟ್ಟಿಗೆಗೆ ಹೋಗುತ್ತದೆ. ಮಳೆಗಾಲ ಕಳೆದಂತೆ ತುಕ್ಕು ಹೆಚ್ಚುತ್ತದೆ, ಭಾರ ಕಡಿಮೆಯಾಗುವುದಿಲ್ಲ.

2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಹೋರ್ಡಿಂಗ್ ಉರುಳಿ 17 ಜನ ಸತ್ತರು. ಮುಂಬೈ ಪಾಲಿಕೆಯ ಮಿತಿ 40 ಅಡಿಗೆ 40 ಅಡಿ. ಬಿದ್ದದ್ದು 120ಕ್ಕೆ 120, ಅಂದರೆ ವಿಸ್ತೀರ್ಣದಲ್ಲಿ ಒಂಬತ್ತು ಪಟ್ಟು. ಹಿಂದಿನ ವರ್ಷವೇ ಪಿಂಪ್ರಿ ಚಿಂಚವಾಡದಲ್ಲಿ ಇಂಥದೇ ಅವಘಡಕ್ಕೆ ಐವರು ಬಲಿಯಾಗಿದ್ದರು. ಎರಡೂ ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ. ಅಗಲವಾದ ಬೋರ್ಡು ಹಡಗಿನ ಹಾಯಿಯಂತೆ ಗಾಳಿ ಹಿಡಿಯುತ್ತದೆ, ಆ ಎಳೆತವೆಲ್ಲ ಬುಡದ ಬೋಲ್ಟುಗಳ ಮೇಲೆ. ನಾಸಿಕ್, ಸಂಭಾಜಿನಗರಗಳಿಗೂ ಏಪ್ರಿಲ್, ಮೇ ತಿಂಗಳಲ್ಲಿ ಇದೇ ಗಾಳಿ ಬೀಸುತ್ತದೆ.

ದೊಡ್ಡ ಹೋರ್ಡಿಂಗ್ ಬಿದ್ದರೆ ಸುದ್ದಿಯಾಗುತ್ತದೆ. ಬಸ್ಸಿಗೆ ಕಾಯುತ್ತ ನಿಂತವರ ನೆತ್ತಿಯ ಮೇಲೆ ತೂಗುವ ಅಂಗಡಿ ಬೋರ್ಡನ್ನು ಕೇಳುವವರಿಲ್ಲ. ಇನ್ನೊಂದು ಅಪಾಯ ನನ್ನನ್ನು ಹೆಚ್ಚು ಕಾಡುತ್ತದೆ: ಮೇಲಂತಸ್ತುಗಳ ಕಿಟಕಿಗಳನ್ನೇ ಮುಚ್ಚಿ ಕೂತ ಬೋರ್ಡುಗಳು. ಅಲ್ಲಿ ಕೋಚಿಂಗ್ ಕ್ಲಾಸುಗಳಿವೆ, ದವಾಖಾನೆಗಳಿವೆ. ಬೆಂಕಿ ಬಿದ್ದರೆ ಹೊಗೆ ಹೋಗಲು ದಾರಿಯಿಲ್ಲ, ಏಣಿ ತಂದವರಿಗೆ ಕಿಟಕಿ ಸಿಗುವುದಿಲ್ಲ. ಪಾಲಿಎಥಿಲೀನ್ ತಿರುಳಿನ ಅಗ್ಗದ ಎಸಿಪಿ ಶೀಟಾದರೆ ಬೋರ್ಡೇ ಉರಿಯುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಬೋರ್ಡಿನ ಮೂಲೆಯಲ್ಲಿ ಪರವಾನಗಿ ಸಂಖ್ಯೆ, ಅಳತೆ, ಎಂಜಿನಿಯರ್ ಪರೀಕ್ಷಿಸಿದ ತಾರೀಕು ಬರೆಸಿ. ಕಿಟಕಿ ಮುಚ್ಚಿದ್ದನ್ನು ಮೊದಲು ಇಳಿಸಿ. ಸಣ್ಣ ಅಂಗಡಿಯವರಿಗೆ ದಂಡಕ್ಕೆ ಮುಂಚೆ ಕಾಲಾವಕಾಶ ಕೊಡಿ; ತಪ್ಪು ಬಹುಪಾಲು ಬೋರ್ಡು ಕೂರಿಸಿದವರದು. 2027ರ ಸಿಂಹಸ್ಥ ಕುಂಭಮೇಳಕ್ಕೆ ನಾಸಿಕ್‌ಗೆ ಲಕ್ಷಾಂತರ ಜನ ಬರುತ್ತಾರೆ. ಪಂಚವಟಿಯ ಇಕ್ಕಟ್ಟಾದ ರಸ್ತೆಗಳಿಂದಲೇ ಪರಿಶೀಲನೆ ಶುರುವಾಗಲಿ, ಮುಂದಿನ ಗಾಳಿಮಳೆಗೆ ಮುಂಚೆ.

ಇಂತಿ,
ನಾಸಿಕ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ