ಎಳೆ ಜೋಳದ ವಿಷಕ್ಕೆ ಮದ್ದುಂಟು, ಅದು ನಮ್ಮ ಊರ ದನದ ಆಸ್ಪತ್ರೆಯಲ್ಲಿರಲಿ



ಕಲಬುರಗಿ, ವಿಜಯಪುರ, ಬಾಗಲಕೋಟೆ, ರಾಯಚೂರು ಸೀಮೆಯ ದನಕರು ಬದುಕಿರುವುದೇ ಜೋಳದ ಕಣಿಕೆಯ ಮೇಲೆ. ಅದೇ ಜೋಳ ಇನ್ನೂ ಮೊಣಕಾಲೆತ್ತರ ಇರುವಾಗ, ಇಲ್ಲವೇ ಕೊಯ್ದ ಮೇಲೆ ಕೂಳೆ ಚಿಗುರಿದಾಗ, ಹಸಿದ ಎತ್ತು ನುಗ್ಗಿ ಮೇಯ್ದರೆ ಮನೆ ಮುಟ್ಟುವುದರೊಳಗೆ ನೆಲಕ್ಕೆ ಬೀಳಬಹುದು. ಹಾವು ಕಡಿಯಿತು ಅನ್ನುತ್ತೇವೆ, ದೃಷ್ಟಿ ತಾಗಿತು ಅನ್ನುತ್ತೇವೆ, ಆಗದವರು ವಿಷ ಹಾಕಿದರೆಂದು ಬದುವಿನಾಚೆಯವನ ಜೊತೆ ಜಗಳಕ್ಕೂ ನಿಲ್ಲುತ್ತೇವೆ. ವಿಷ ಇದ್ದದ್ದು ಬೆಳೆಯಲ್ಲೇ.

ಎಳೆ ಜೋಳದಲ್ಲಿ ಧುರಿನ್ ಎಂಬ ಅಂಶವಿದೆ. ಎಲೆ ಜಗಿದಾಗ, ಬಾಡಿದಾಗ ಅದು ಒಡೆದು ಸಯನೈಡ್ ಬಿಡುತ್ತದೆ. ಮೆಲುಕು ಹಾಕುವ ದನ, ಎಮ್ಮೆ, ಕುರಿ, ಆಡುಗಳ ಹೊಟ್ಟೆಯಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಮೈಯ ಜೀವಕೋಶಗಳು ಅದನ್ನು ಬಳಸಲಾರವು. ಏದುಸಿರು, ಜೊಲ್ಲು, ತೂರಾಟ, ಸೆಳೆತ, ಸಾವು. ಮಳೆ ಕೈಕೊಟ್ಟು ಸೊರಗಿದ ಬೆಳೆಯಲ್ಲೂ ಯೂರಿಯಾ ಜಾಸ್ತಿ ಬಿದ್ದ ಬೆಳೆಯಲ್ಲೂ ವಿಷ ಹೆಚ್ಚು. ಬರದ ನಂತರ ಒಂದು ಹದ ಮಳೆಯಾಗಿ ಹೊಲ ಹಸಿರಾಯಿತೆಂದು ನಾವು ಹಿಗ್ಗುವ ದಿನಗಳೇ ದನಕ್ಕೆ ಕೆಟ್ಟ ದಿನಗಳು.

ಹೂಬಿಟ್ಟ ಮೇಲೆ ಕೊಯ್ಯಿರಿ, ಚೆನ್ನಾಗಿ ಒಣಗಿಸಿ ಹಾಕಿರಿ ಎಂದು ಎಲ್ಲರೂ ಹೇಳುತ್ತಾರೆ. ನಾವೂ ಹೇಳುತ್ತೇವೆ. ಆದರೆ ಹಗ್ಗ ಕಿತ್ತುಕೊಂಡು ಹೋದ ಹೋರಿಗೆ ಈ ಮಾತು ಕೇಳಿಸುವುದಿಲ್ಲ! ಅದಕ್ಕೆ ಬೇಕಾದದ್ದು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್. ಇವನ್ನು ಹೊತ್ತಿಗೆ ಸರಿಯಾಗಿ ರಕ್ತನಾಳಕ್ಕೆ ಕೊಟ್ಟರೆ ಬಿದ್ದ ದನವೂ ಎದ್ದೀತು. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿರಿ, ಸರಿ. ಆದರೆ ಈ ವಿಷ ಗಂಟೆಗಟ್ಟಲೆ ಕಾಯುವುದಿಲ್ಲ. ದೂರದಿಂದ ಗಾಡಿ ಬರುವಷ್ಟರಲ್ಲಿ ಮುಗಿದಿರುತ್ತದೆ. ಮದ್ದು ಹತ್ತಿರದಲ್ಲೇ ಇರಬೇಕು, ಮುಂಗಾರಿಗೆ ಮೊದಲೇ ಇರಬೇಕು. ನೀವೇ ಚುಚ್ಚಲು ಹೋಗಬೇಡಿ: ಸೊರಗಿದ ಜೋಳದಲ್ಲಿ ನೈಟ್ರೇಟ್ ವಿಷವೂ ಸೇರಿರಬಹುದು, ಆಗ ನೈಟ್ರೈಟ್ ಕೊಟ್ಟರೆ ದನದ ಜೀವಕ್ಕೇ ಅಪಾಯ. ರಕ್ತ ಕೆಂಪಗಿದೆಯೋ ಕಂದಾಗಿದೆಯೋ ನೋಡಿ ವೈದ್ಯರೇ ತೀರ್ಮಾನಿಸಲಿ.

ಇನ್ನು ಮನುಷ್ಯರ ಮಾತು. ಹೀಗೆ ಸತ್ತ ದನವನ್ನು ಕೊಯ್ದು ಹಂಚಿಕೊಳ್ಳುವುದುಂಟು. ದಯವಿಟ್ಟು ಬೇಡ. ಹೊಟ್ಟೆ ಸೀಳಿದರೆ ಒಳಗಿನ ವಿಷದ ಗಾಳಿ ಮುಖಕ್ಕೇ ಹೊಡೆಯುತ್ತದೆ, ಮೇವಿನಲ್ಲೂ ಮಾಂಸದಲ್ಲೂ ವಿಷ ಉಳಿದಿರಬಹುದು. ಅದಕ್ಕಿಂತ ದೊಡ್ಡ ಭಯ ಬೇರೆ. ಹೊಟ್ಟೆಯುಬ್ಬಿ ದಿಢೀರನೆ ಸತ್ತದ್ದು ಎಳೆ ಜೋಳದಿಂದಲೋ ಆಂಥ್ರಾಕ್ಸ್‌ನಿಂದಲೋ ಕಣ್ಣಿಗೆ ತಿಳಿಯದು, ಆಂಥ್ರಾಕ್ಸ್ ರೋಗ ಕೊಯ್ದವರ ಕೈಗೂ ಅಂಟುತ್ತದೆ. ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾಗಿ ಹೂಳಿರಿ. ರೊಟ್ಟಿಗೆ ಹೆದರಬೇಡಿ, ಬಲಿತ ಕಾಳಿನದೇನೂ ತಂಟೆಯಿಲ್ಲ. ಆದರೆ ಹೆಸರುಕಾಳಿನ ಹಾಗೆ ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನಬಾರದು, ಅದರಲ್ಲಿ ಇದೇ ಧುರಿನ್ ಇದೆ.

ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ: ನಮ್ಮ ಪಶು ಚಿಕಿತ್ಸಾಲಯದ ಕಪಾಟಿನಲ್ಲಿ ಈ ಎರಡು ಔಷಧ ಇವೆಯೇ, ಅವಧಿ ಮೀರಿಲ್ಲವೇ? ಬಂದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ.