ಹೊಗೆಕೊಳವೆಯ ಕಾವಲನ್ನು ಕಿತ್ತೆಸೆಯುವ ಮುನ್ನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಿಂದ ಕಾಯಿ, ಕೊಬ್ಬರಿ, ನಾರುಗಳನ್ನು ಮಾರುಕಟ್ಟೆಗೆ ಸಾಗಿಸುವ ವಾಹನಗಳಲ್ಲಿ ದೊಡ್ಡ ಡೀಸೆಲ್ ಲಾರಿಗಳಷ್ಟೇ ಅಲ್ಲ, ಪೆಟ್ರೋಲ್ ಮತ್ತು ಅನಿಲದಿಂದ ಓಡುವ ಸಣ್ಣ ಸರಕು ವಾಹನಗಳೂ ಇವೆ. ಇಂತಹ ಹಳೆಯ ವಾಹನವೊಂದರಲ್ಲಿ ಒಂದು ದಿನ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಹೇರು ಎಳೆಯುವ ಶಕ್ತಿ ಕುಗ್ಗುತ್ತದೆ. ಆಗ ಸುಲಭವಾಗಿ ದೊರೆಯುವ ಸಲಹೆ ಒಂದೇ: ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತು, ಖಾಲಿ ಕೊಳವೆಯನ್ನು ಬೆಸೆದುಬಿಡಿ. ಈ ಸಲಹೆ ರೋಗಕ್ಕೆ ಮದ್ದಲ್ಲ; ರೋಗದ ಸುದ್ದಿ ತಂದವನಿಗೆ ಕೊಡುವ ಶಿಕ್ಷೆ.

ಕನ್ವರ್ಟರಿನ ಒಳಗೆ ಜೇನುಹುಟ್ಟಿಯಂತಹ ಪಿಂಗಾಣಿ ರಚನೆಯಿದ್ದು, ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪವಿರುತ್ತದೆ. ಬಿಸಿಯೇರಿದಾಗ ಅದು ಇಂಗಾಲದ ಮಾನಾಕ್ಸೈಡ್, ಉರಿಯದ ಇಂಧನದ ಆವಿ ಮತ್ತು ಸಾರಜನಕದ ಆಕ್ಸೈಡುಗಳನ್ನು ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕಗಳಾಗಿ ಮಾರ್ಪಡಿಸುತ್ತದೆ. 1995ರಲ್ಲಿ ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಸೀಸವು ಇದಕ್ಕೆ ವಿಷವಾದುದರಿಂದ, 2000ದ ವೇಳೆಗೆ ಸೀಸರಹಿತ ಪೆಟ್ರೋಲ್ ದೇಶದಾದ್ಯಂತ ಬಂತು. ಆದರೆ ಈ ಸಾಧನ ಸರಿಯಾಗಿ ದುಡಿಯಬೇಕಾದರೆ ಪೆಟ್ರೋಲಿನ ಒಂದು ಪಾಲಿಗೆ ಗಾಳಿ ತೂಕದಲ್ಲಿ ಸುಮಾರು 14.7 ಪಾಲು ಇರಬೇಕು. ಆ ಹದವನ್ನು ಕಾಯುವುದು ಆಮ್ಲಜನಕ ಸಂವೇದಕ, ಅಂದರೆ ಆಕ್ಸಿಜನ್ ಸೆನ್ಸರ್.

ತೆಂಗಿನ ಗರಿ ಹಳದಿಯಾಗಿ ಜೋತುಬಿದ್ದಾಗ ಈ ಸೀಮೆಯ ರೈತ ಗರಿಯನ್ನಷ್ಟೇ ಕಡಿದು ಸುಮ್ಮನಾಗುವುದಿಲ್ಲ. ಅಣಬೆ ರೋಗವಿರಬಹುದೆಂದು ಕಾಂಡದ ಬುಡದಲ್ಲಿ ಕೆಂಗಂದು ಅಂಟು ಸೋರುತ್ತಿದೆಯೇ ಎಂದು ಪರೀಕ್ಷಿಸುತ್ತಾನೆ. ವಾಹನದ ವಿಷಯದಲ್ಲೂ ಇದೇ ವಿವೇಕ ಬೇಕು. ಸ್ಕ್ಯಾನ್ ಯಂತ್ರ ತೋರಿಸುವ ಪಿ 0420 ಎಂಬ ಸಂಕೇತ ಕನ್ವರ್ಟರಿನ ದಕ್ಷತೆ ಕುಂದಿದೆಯೆಂದು ಹೇಳುತ್ತದೆಯೇ ಹೊರತು, ಏಕೆ ಕುಂದಿತೆಂದು ಹೇಳುವುದಿಲ್ಲ.

ಪರೀಕ್ಷೆಗೊಂದು ಕ್ರಮವಿದೆ. ಮೊದಲು, ಎಂಜಿನ್ ತಣ್ಣಗಿರುವಾಗ ಹೊಗೆಕೊಳವೆಯ ಸಂದುಗಳಲ್ಲಿ ಬಿರುಕು, ಮಸಿಯ ಗುರುತುಗಳನ್ನು ಹುಡುಕಬೇಕು. ಅಲ್ಲಿ ಹೊರಗಾಳಿ ನುಸುಳಿದರೆ ಸಂವೇದಕ ಸುಳ್ಳು ಲೆಕ್ಕ ಕೊಡುತ್ತದೆ. ಎರಡನೆಯದು ತಂತಿಗಳು. ಕೊಬ್ಬರಿ ಮನೆಯ ಬದಿಯಲ್ಲಿ ನಿಲ್ಲುವ ವಾಹನದ ತಂತಿಗಳನ್ನು ಇಲಿ ಕಡಿದಿರಬಹುದು. ಮೂರನೆಯದು ಸ್ಪಾರ್ಕ್ ಪ್ಲಗ್. ಕಿಡಿ ತಪ್ಪಿದರೆ ಉರಿಯದ ಇಂಧನ ಕನ್ವರ್ಟರಿನೊಳಗೆ ಉರಿದು ಜೇನುಹುಟ್ಟಿಯನ್ನೇ ಕರಗಿಸಬಲ್ಲದು. ದೀಪ ಮಿಟುಕತೊಡಗಿದರೆ ಹೇರು ಎಳೆಯುವುದನ್ನು ನಿಲ್ಲಿಸಬೇಕು. ನಾಲ್ಕನೆಯದು ಸಂವೇದಕ. ಹಳೆಯ ವಾಹನಗಳಲ್ಲಿ ಸಾಮಾನ್ಯವಾಗಿರುವ ಜಿರ್ಕೋನಿಯಾ ಸಂವೇದಕ ಬಿಸಿಯಾದ ಮೇಲೆ 0.1ರಿಂದ 0.9 ವೋಲ್ಟಿನ ನಡುವೆ ಬೇಗಬೇಗನೆ ಏರಿಳಿಯಬೇಕು. ಒಂದೇ ಕಡೆ ನಿಂತರೆ ಅಥವಾ ಮಂದವಾದರೆ ಸಂಶಯಕ್ಕೆ ಎಡೆಯಿದೆ. ಕನ್ವರ್ಟರಿನ ಸರದಿ ಕಡೆಯದು. ಅದರ ಹಿಂದೆ ಎರಡನೆಯ ಸಂವೇದಕವಿದ್ದರೆ ಅದರ ಅಳತೆ ಹೆಚ್ಚುಕಡಿಮೆ ಸ್ಥಿರವಾಗಿರಬೇಕು. ಅದೂ ಮೊದಲನೆಯದರಂತೆಯೇ ಕುಣಿದರೆ ಕನ್ವರ್ಟರ್ ಸೋತಿದೆ. ಮೆಲ್ಲನೆ ತಟ್ಟಿದಾಗ ಒಳಗೆ ಗಲಗಲ ಸದ್ದಾದರೆ ಜೇನುಹುಟ್ಟಿ ಒಡೆದಿದೆ. ಆಗಲೂ ಅದನ್ನು ಕೆಡಿಸಿದ ಮೂಲ ಕಾರಣ ಸರಿಯಾಗದಿದ್ದರೆ ಹೊಸದೂ ಉಳಿಯದು. ಎಂಜಿನ್ ಎಣ್ಣೆ ಕುಡಿಯುತ್ತಿರುವುದು, ಕಲಬೆರಕೆ ಇಂಧನ, ಹದ ತಪ್ಪಿದ ಅನಿಲದ ಕಿಟ್ ಇವೆಲ್ಲವೂ ಅಂತಹ ಕಾರಣಗಳೇ.

ಎರಡು ಎಚ್ಚರಿಕೆಗಳು ಪ್ರಾಣಕ್ಕೆ ಸಂಬಂಧಿಸಿದವು. ಕನ್ವರ್ಟರ್ ಕಾದ ಹೆಂಚಿಗಿಂತ ಬಿಸಿಯಾಗುತ್ತದೆ. ಒಣಗರಿ, ಸಿಪ್ಪೆ, ನಾರಿನ ರಾಶಿಯ ಮೇಲೆ ವಾಹನ ನಿಲ್ಲಿಸಿದರೆ ತೋಟಕ್ಕೇ ಬೆಂಕಿ ಬೀಳಬಹುದು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಲೇಬಾರದು. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಕನ್ವರ್ಟರ್ ಕಿತ್ತ ವಾಹನದಿಂದ ಕಪ್ಪು ಹೊಗೆ ಬರಲೇಬೇಕೆಂದಿಲ್ಲ. ಆದ್ದರಿಂದಲೇ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಉಗುಳುವ ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಉರಿಯದ ಇಂಧನದ ಆವಿಯೊಡನೆ ಸೇರಿ ಓಜೋನ್ ಆಗುತ್ತವೆ. ನೆಲಮಟ್ಟದ ಓಜೋನ್ ಮಕ್ಕಳ ಶ್ವಾಸಕೋಶವನ್ನೂ ಪೈರಿನ ಎಲೆಯನ್ನೂ ಸುಡುತ್ತದೆ. ತುಮಕೂರಿನಿಂದ ತಿಪಟೂರು, ಅರಸೀಕೆರೆಗಳನ್ನು ಹಾದು ಶಿವಮೊಗ್ಗ, ಸಾಗರದತ್ತ ಏರುವ ರಸ್ತೆಯಲ್ಲಿ ಬಯಲಿನ ಹೊಗೆಗೂ ಮಲೆನಾಡಿನ ಗಾಳಿಗೂ ನಡುವೆ ಗಡಿಯಿಲ್ಲ.

ಹೀಗಾಗಿ ಹೊಣೆಯನ್ನು ಚಾಲಕನೊಬ್ಬನ ಮೇಲೆ ಹೊರಿಸಿದರೆ ಸಾಲದು. ಬೆಳೆಗಾರರ ಸಂಘಗಳು ಸೇರಿ ಒಂದು ಸ್ಕ್ಯಾನ್ ಯಂತ್ರವನ್ನು ಕೊಂಡು ಹಳ್ಳಿಯ ಮೆಕ್ಯಾನಿಕರಿಗೆ ಒದಗಿಸಬಹುದು. ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಸಂತೆಯ ದಿನ ತಪಾಸಣೆಯ ಶಿಬಿರ ನಡೆಸಬಹುದು. ಹೊಗೆ ತಪಾಸಣೆಯ ಪ್ರಮಾಣಪತ್ರ ಕೇವಲ ಕಾಗದವಾಗದೆ ನಿಜವಾದ ಅಳತೆಯಾಗಬೇಕು. ಉಂಡೆ ಕೊಬ್ಬರಿಗಾಗಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಕಾಯುವ ತಾಳ್ಮೆ ಈ ಸೀಮೆಗೆ ಹೊಸದಲ್ಲ. ಅದರಲ್ಲಿ ಅರ್ಧ ದಿನದ ತಾಳ್ಮೆಯನ್ನು ಹಳದಿ ದೀಪದ ಕಾರಣ ಹುಡುಕುವುದಕ್ಕೆ ಮೀಸಲಿಟ್ಟರೆ, ಮಾಲೀಕನ ಹಣವೂ ಊರಿನ ಉಸಿರೂ ಉಳಿಯುತ್ತವೆ.